ಜೋಸೆಫನ ಪಾಲಿನ ಬಿಯರ್ ಡಬ್ಬಿ

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಗರದ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಕನ್ಸರ್ವೇಟರ್. ಹಳೆಯ ವಸ್ತುಗಳು ಹಾಳಾಗದಂತೆ ಕಾಪಾಡುವುದು ನನ್ನ ಕೆಲಸ. ವಿಜಯನಗರ ಬಡಾವಣೆಯಿಂದ ಶಾರದಮ್ಮ ಎಂಬ ಹಿರಿಯರು, ಹಳೆಯದೊಂದು ವಸ್ತು ಹಾಳಾಗುತ್ತಿದೆ ಎಂದು ಕರೆ ಮಾಡಿದರು. ಮನೆಗೆ ಹೋದಾಗ, ಬೀರುವಿನ ಸೀರೆಗಳ ನಡುವಿನಿಂದ ಅವರು ತೆಗೆದು ತೋರಿಸಿದ್ದು ಮಂಕು ಹಸಿರು ಬಣ್ಣದ, ಇನ್ನೂ ತೆರೆಯದ ಬಿಯರ್ ಡಬ್ಬಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಬಿಯರ್ ಇಂಥ ತಗಡಿನ ಡಬ್ಬಿಗಳಲ್ಲೂ ಹೋಗುತ್ತಿತ್ತು. ಬಾಟಲಿಯಂತೆ ಒಡೆಯುವುದಿಲ್ಲ, ಹಗುರ. ಬಿಸಿಲಿಗೆ ಮಿಂಚಿ ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಆ ಬಣ್ಣ. ಶಾರದಮ್ಮನವರ ಪತಿ ಬರ್ಮಾ ಗಡಿಯಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದರು. ಕುಡಿಯುವವರಲ್ಲ, ಅಮೆರಿಕನ್ನರು ಕೊಟ್ಟ ಡಬ್ಬಿಗಳನ್ನು ಸೋಪು, ಬ್ಲೇಡಿಗೆ ಬದಲಾಯಿಸಿಕೊಳ್ಳುತ್ತಿದ್ದರಂತೆ. ಇದೊಂದು ಮಾತ್ರ ಗೆಳೆಯ ಜೋಸೆಫನ ಪಾಲು. "ಬಂದು ಕುಡೀತೀನಿ, ಇಟ್ಕೊಂಡಿರು" ಎಂದು ಬಣ್ಣದ ಮೇಲೆ ಮೊಳೆಯಿಂದ ಹೆಸರು ಗೀಚಿ ಕೊಟ್ಟು ಹೋದವನು ಮರಳಲಿಲ್ಲ.

ಡಬ್ಬಿಯ ಅಂಚು ತುಕ್ಕು ಹಿಡಿದಿತ್ತು. ಒಳಗಿನ ಬಿಯರ್ ತಗಡನ್ನು ತಿನ್ನುತ್ತಿತ್ತು. ತಳದಲ್ಲಿ ಸಣ್ಣ ರಂಧ್ರ ಕೊರೆದು ಬಸಿದರೆ ಡಬ್ಬಿ ಉಳಿಯುತ್ತದೆ, ಅರ್ಧ ಗಂಟೆಯ ಕೆಲಸ ಎಂದೆ.

"ಅವ್ರು ಜೋಪಾನ ಮಾಡಿದ್ದು ಬಿಯರನ್ನಲ್ಲಮ್ಮ. ಬಸಿದ್ಬಿಡಿ, ಹೆಸರು ಉಳಿದ್ರೆ ಸಾಕು" ಎಂದರು ಶಾರದಮ್ಮ.

ಆದರೆ ನಿಯಮದ ಪ್ರಕಾರ ಸಂಗ್ರಹಾಲಯಕ್ಕೆ ಸೇರದ ವಸ್ತುವಿಗೆ ನಾನು ಕೈಹಾಕುವಂತಿರಲಿಲ್ಲ. ಡಬ್ಬಿಯನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳಲು ಅನುಮತಿ ಕೋರಿ ಬರೆದ ನನ್ನ ಟಿಪ್ಪಣಿಯನ್ನು ಮೇಲಧಿಕಾರಿ ಓದಿ, "ಇದ್ರಲ್ಲಿ ಮದ್ಯ ಇದೆಯಲ್ರೀ, ಒಳಗೆ ಹೇಗ್ ತರೋದು?" ಎಂದರು.

"ಮದ್ಯ ತೆಗೆಯೋಕೇ ತರ್ತಿರೋದು ಸಾರ್."

"ಹಾಗಾದ್ರೆ ತೆಗೆದ್ಮೇಲೆ ತನ್ನಿ."

ಕಡತ ಸಮಿತಿಗೆ ಹೋಯಿತು. ಫೋಟೊ ಬೇಕೆಂದು ವಾಪಸು ಬಂತು, ಅಳತೆ ಬೇಕೆಂದು ಬಂತು, ಕೊನೆಗೆ ಖರೀದಿಯ ರಸೀದಿ ಎಲ್ಲಿ ಎಂದು ಬಂತು. ಯುದ್ಧಭೂಮಿಯಲ್ಲಿ ಯಾರು ರಸೀದಿ ಹರಿದುಕೊಡುತ್ತಾರೆ? ಅದಕ್ಕೂ ವಿವರಣೆ ಬರೆದೆ. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಒಂದು ಬೆಳಿಗ್ಗೆ ಶಾರದಮ್ಮನವರ ಸೊಸೆ ಫೋನ್ ಮಾಡಿದರು. "ಮೇಡಂ, ಡಬ್ಬಿ ಸೋರಿ ಬೀರುನಲ್ಲಿದ್ದ ಸೀರೆ ಎಲ್ಲಾ ನಾರ್ತಿತ್ತು. ಚೆನ್ನಾಗಿ ಉಜ್ಜಿ ತೊಳೆದಿಟ್ಟಿದೀನಿ."

ಓಡಿಹೋದೆ. ಸ್ಟೀಲ್ ಸ್ಕ್ರಬರ್ ತನ್ನ ಕೆಲಸ ಮಾಡಿತ್ತು. ಪುಡಿಯಾಗಿದ್ದ ಬಣ್ಣವೆಲ್ಲ ಹೋಗಿ ಬರಿ ತಗಡು ಕಾಣುತ್ತಿತ್ತು. ಅಕ್ಷರಗಳಿರಲಿಲ್ಲ.

"ಅವಳನ್ನ ಬೈಬೇಡಿ, ಅವಳಿಗೆ ನಾನೇ ಹೇಳಿರ್ಲಿಲ್ಲ" ಎಂದರು ಶಾರದಮ್ಮ. "ನೀವು ಅವತ್ತೇ..." ಎನ್ನುತ್ತಾ ಡಬ್ಬಿಯನ್ನು ನನ್ನ ಕೈಗಿಟ್ಟರು.

ಅನುಮತಿ ಪತ್ರ ಮುಂದಿನ ವಾರ ಬಂತು. ಕಚೇರಿಯನ್ನು ಬೈದುಕೊಂಡು ಸಮಾಧಾನಪಡುವುದು ಸುಲಭವಿತ್ತು. ಆದರೆ ಮೊದಲ ಭೇಟಿಯ ದಿನವೇ ಕೈ ಡ್ರಿಲ್ ನನ್ನ ಚೀಲದಲ್ಲಿತ್ತು, ಮನೆಯೊಡತಿಯ ಒಪ್ಪಿಗೆಯೂ ಇತ್ತು. ಹಾಳಾಗುತ್ತಿರುವ ವಸ್ತು ಸಹಿಗಾಗಿ ಕಾಯುವುದಿಲ್ಲ ಎಂದು ಕಿರಿಯರಿಗೆ ವರ್ಷಗಟ್ಟಲೆ ಹೇಳಿಕೊಟ್ಟವಳು ನಾನು. ಅದನ್ನು ನಾನು ಕಲಿತದ್ದು ಮಾತ್ರ ಆ ಬೋಳು ತಗಡನ್ನು ಕೈಯಲ್ಲಿ ಹಿಡಿದಾಗ.