ಆ ಮಧ್ಯಾಹ್ನ ಕರೆಂಟು ಹೋಗಿರಲಿಲ್ಲ

ಮಾಯವ್ವಾ, ಅವತ್ತು ಮೇನ್ ಸ್ವಿಚ್ ತೆಗೆದವಳು ನಾನು. ನನ್ನ ಮೊಮ್ಮಗಳು ಭಾಗ್ಯಾ ಅಲ್ಲ. ಕರೆಂಟು ಹೋಗಿರಲಿಲ್ಲ, ಫ್ಯೂಜು ಸುಟ್ಟಿರಲಿಲ್ಲ — ನನ್ನ ಈ ಬಲಗೈ ಮೇಲೆ ಹೋಯಿತು, ಮೇನಿನ ಹಿಡಿಕೆ ಕೆಳಗೆ ಎಳೆಯಿತು, ನೀನು ಗೆಲ್ಲುತ್ತಿದ್ದ ಆಟ ಅಲ್ಲಿಗೇ ಸತ್ತಿತು. ಆಮೇಲೆ ನೀನು ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ.

ಆರು ವರ್ಷ ಈ ಮಾತು ಒಳಗೆ ಇಟ್ಟುಕೊಂಡೆ. ನಾನು ನಾಲ್ಕನೆಯ ಇಯತ್ತೆ ತನಕ ಸಾಲಿಗೆ ಹೋದವಳು. ಅಕ್ಷರ ಗೆರೆ ಬಿಟ್ಟು ಇಳಿಯುತ್ತವೆ. ಸಂಭಾಳಿಸಿಕೊಂಡು ಓದು ಯವ್ವಾ. ಬೇರೆಯವರ ಕೈಯಿಂದ ಬರೆಸುವಂಥ ಮಾತಲ್ಲ ಇದು.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂತ ಕೇಳುತ್ತೀ. ಸಂತೋಷ ತಡೆಯಲಾರದೆ ಬರೆಯಲು ಕುಳಿತೆ ಅಂದರೆ ನಂಬುತ್ತೀಯೋ ಇಲ್ಲವೋ — ಆದರೆ ಅದೂ ಖರೆ. ನಮ್ಮ ಭಾಗ್ಯಾ ಜಮಖಂಡಿಯಲ್ಲಿ ಆಟದ ಅಂಗಡಿ ತೆರೆದಳು. ಎಂಟು ಕಂಪ್ಯೂಟರ್ ಇಟ್ಟಿದ್ದಾಳೆ. ಮುಧೋಳದವರು, ಬೀಳಗಿಯವರು ತಮ್ಮ ತಮ್ಮ ಮನೆಯಿಂದಲೂ ಅಲ್ಲಿಗೆ ಸೇರಿಕೊಂಡು ಆಡಬಹುದಂತೆ. ಕಳೆದ ಸೋಮವಾರ ಮುಂಜಾನೆ ಪೂಜೆ ಆಯಿತು. ನಾನು ಪೆಟ್ಟಿಗೆಯ ತಳದಿಂದ ಮದುವೆಯ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಹೋದೆ. ಬಂದ ಮೇಲೆ ಓಣಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. ಈಗ ನನ್ನನ್ನು ದೂರದಿಂದ ಕಂಡರೆ ಜನ ಆ ಕಡೆಯ ಗೋಡೆ ಹಿಡಿದು ದಾಟುತ್ತಾರೆ. ಎದೆ ತುಂಬಿ ಹೋಗಿದೆ ಮಾಯವ್ವಾ. ತುಂಬಿದ್ದರಿಂದಲೇ ಕೆಳಗೆ ಕುಳಿತಿದ್ದದ್ದೂ ಮೇಲೆ ಬಂದಿದೆ —

ಮೊದಲಿಂದ ಹೇಳುತ್ತೇನೆ.

ನೀವಿಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚು. ನೀನು ಹುನ್ನೂರಿನಿಂದ ಬಸ್ಸಿಗೆ ಬರುತ್ತಿದ್ದೆ, ಅವಳು ನಮ್ಮ ಬನಹಟ್ಟಿಯಿಂದ. ಒಂದು ಸಲ ನಿಮ್ಮ ಮನೆಯ ಕುರಿ ಉಣ್ಣೆಯ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿ ನೀನು ಅಂದದ್ದು ನನಗೆ ನೆನಪಿದೆ. "ನೀವು ನೂಲ ನೇಯ್ತೀರಿ, ನಾವು ಉಣ್ಣಿ ನೇಯ್ತೇವಿ. ಬೀಗರಾದ್ವಿ ನೋಡ್ರಿ ಅಜ್ಜಿ." ಎಷ್ಟು ನಕ್ಕಿದ್ದೆವು. ಆ ಕಂಬಳಿ ಈಗಲೂ ನನ್ನ ಹಾಸಿಗೆಯಲ್ಲಿದೆ.

ನಿಮ್ಮದು ಕಾರಿನ ಆಟ. ನೀನು ನಿಮ್ಮ ಮನೆಯಲ್ಲಿ, ಅವಳು ನಮ್ಮ ಮನೆಯಲ್ಲಿ, ಆದರೆ ರಸ್ತೆ ಮಾತ್ರ ಒಂದೇ. ನನಗೆ ಇದು ತಿಳಿಯಲಿಲ್ಲ. ಆ ರಸ್ತೆ ಇರುವುದಾದರೂ ಎಲ್ಲಿ ಅಂತ ಭಾಗ್ಯಾಳನ್ನು ಕೇಳಿದ್ದೆ. ನಮ್ಮ ಕಂಪ್ಯೂಟರಿನಲ್ಲೇ ಇದೆ ಅಂದಳು. ಅರಿವೆ ವ್ಯಾಪಾರದವರ ಸಲುವಾಗಿ ನಮ್ಮ ಓಣಿಗೆ ನೆಟ್ಟಿನ ವೈರು ಬಂದಿತ್ತು. ಹುನ್ನೂರಿನಲ್ಲಿ ನೀನು ಫೋನನ್ನು ಮಾಳಿಗೆಯ ಕಟ್ಟೆಯ ಮೇಲಿಟ್ಟು ಸಿಗ್ನಲ್ ಹಿಡಿಯುತ್ತಿದ್ದೆಯಂತೆ. ಅದಕ್ಕೆ ಯಾವಾಗಲೂ ನಮ್ಮ ಮನೆಯೇ ಹೋಸ್ಟ್. ಮಾಯಾ ನಮ್ಮ ಅಂಗಳಕ್ಕೆ ಆಡಲು ಬಂದ ಹಾಗೆ ಅಂತ ತಿಳಿಸಿ ಹೇಳಿದಳು. ಹಾಗಾದರೆ ನಮ್ಮ ಮನೆಯ ಕರೆಂಟು ಹೋದರೆ ಅಂತ ಕೇಳಿದೆ.

"ಹೋದ್ರ ಆಟನ ಹೋತು ಅಜ್ಜಿ. ಯಾರೂ ಗೆದ್ದಂಗಲ್ಲ, ಯಾರೂ ಸೋತಂಗಲ್ಲ."

ಅವಳು ನಕ್ಕು ಅಂದದ್ದು. ನಾನು ಅದನ್ನು ಗಂಟು ಹಾಕಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ... ಅವತ್ತೇ ಮನಸ್ಸಿನಲ್ಲಿ ಏನೋ ಇತ್ತು ಅಂತಲೇ ಈಗ ಅನ್ನಿಸುತ್ತದೆ.

ಬೇಸಿಗೆಯ ಸೂಟಿಯಲ್ಲಿ ನಿಮ್ಮ ಹುಡುಗರು ಹುಡುಗಿಯರೆಲ್ಲ ಸೇರಿ ಪಂದ್ಯ ಇಟ್ಟುಕೊಂಡಿರಿ. ಎಲ್ಲರೂ ಸೋತು ಕೊನೆಗೆ ಉಳಿದವರು ನೀವಿಬ್ಬರೇ. ಐದು ಓಟ. ಎರಡು ನಿನಗೆ, ಎರಡು ಅವಳಿಗೆ. ಐದನೆಯದು ನಡೆದಿತ್ತು. ಅವತ್ತು ನಮ್ಮ ನಾಲ್ಕೂ ಕರೆಂಟಿನ ಮಗ್ಗ ನಿಂತಿದ್ದವು. ಬೀಮಿಗೆ ಸುತ್ತಿದ ನೂಲು ಮುಗಿದಿತ್ತು, ಎಳೆ ಕೂಡಿಸುವವರು ಮರುದಿನ ಬರುವವರಿದ್ದರು. ನಾನು ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದೆ. ನನ್ನ ತಲೆಯ ಮೇಲೆ ಮೇನು. ಬಾಗಿಲಿನಿಂದ ಒಳಗೆ ಅವಳ ಬೆನ್ನು, ಬೆನ್ನಿನಾಚೆ ಪರದೆ. ನಿನ್ನ ಕೆಂಪು ಕಾರು ಮುಂದೆ ಇತ್ತು. ಬಹಳ ಮುಂದೆ. ಅವಳು ಕುರ್ಚಿಯ ತುದಿಗೆ ಬಂದು ಕುಳಿತಿದ್ದಳು.

ನಮ್ಮ ಓಣಿಯ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಹೆಣ ಹಾದು ಹೋಗುವಾಗ ಎರಡೂ ಬದಿಯ ಮನೆಯವರು ಮಗ್ಗ ನಿಲ್ಲಿಸುತ್ತಾರೆ, ಸತ್ತವರು ಸುಮ್ಮನೆ ಹೋಗಲಿ ಅಂತ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಮನೆಗೂ ಮಗ್ಗಕ್ಕೂ ಒಂದೇ ಮೇನು. ಹೆಣದ ಮುಂದೆ ಬಾರಿಸುವ ಹಲಗೆಯ ಸಪ್ಪಳ ಕೇಳಿತೋ ಇಲ್ಲವೋ, ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ. ಐವತ್ತು ವರ್ಷದ ರೂಢಿ.

ಅವತ್ತು ಯಾವ ಹೆಣವೂ ಬರಲಿಲ್ಲ. ಹಲಗೆ ಬಾರಿಸಲಿಲ್ಲ. ಕೈ ತಾನಾಗಿ ಹೋಗಲಿಲ್ಲ ಮಾಯವ್ವಾ — ನಾನೇ ಕಳಿಸಿದೆ.

ಪರದೆ ಕಪ್ಪಾಯಿತು, ಫ್ಯಾನು ನಿಂತಿತು. "ಅಯ್ಯ, ಕರೆಂಟ ಹೋತಲ್ಲವಾ" ಅಂದೆ. ಎಷ್ಟು ಸರಳವಾಗಿ ಬಂತು ಆ ಮಾತು.

ಅಷ್ಟರಲ್ಲಿ ನಿನ್ನ ಫೋನು ಬಂತು. ಅವಳು ದೊಡ್ಡ ಧ್ವನಿಗೆ ಹಾಕಿದಳು, ನಿನ್ನ ಮಾತೆಲ್ಲ ನನಗೂ ಕೇಳುತ್ತಿತ್ತು. ಮೊದಲು ನಿನಗೆ ಸಿಟ್ಟಿರಲಿಲ್ಲ. ಏನಾಯಿತು ಅಂತ ನೀನು ಕೇಳಿದೆ. ಅವಳು ಕರೆಂಟು ಹೋಯಿತು ಅಂದಳು. ನೀನು ಕಿವಿಗೊಟ್ಟು ಕೇಳಿದೆ. ಆಮೇಲೆ —

"ನಿಮ್ಮ ಓಣ್ಯಾಗ ಮಗ್ಗ ಓಡಾಕತ್ತಾವಲ್ಲಲೇ. ನನಗ ಇಲ್ಲಿ ಕೇಳಸಾಕತ್ತೈತಿ. ಕರೆಂಟ ಎಲ್ಲಿ ಹೋತು?"

ಹೌದಲ್ಲ. ಆ ಕಡೆಯ ಮನೆಯಲ್ಲಿ ಆರು, ಈ ಕಡೆಯ ಮನೆಯಲ್ಲಿ ನಾಲ್ಕು, ಎದುರಿಗೆ ಎಂಟು, ಎಲ್ಲವೂ ಖಟಾಖಟ ಬಡಿಯುತ್ತಿದ್ದವು. ನನಗೆ ಅದು ಕೇಳಿಯೇ ಇರಲಿಲ್ಲ. ಆ ಸಪ್ಪಳದಲ್ಲೇ ಹುಟ್ಟಿ ಬೆಳೆದ ಭಾಗ್ಯಾಳಿಗೂ ಕೇಳಿರಲಿಲ್ಲ. ನಮಗೆ ಮಗ್ಗ ನಿಂತಾಗ ಕೇಳುತ್ತದೆ, ಓಡುವಾಗ ಕೇಳುವುದಿಲ್ಲ. ಕುರಿ ಹಿಂಡಿನ ಊರಿನಲ್ಲಿ ಕುಳಿತ ನಿನಗೆ ಕೇಳಿತು.

ಅವಳು ಫೋನು ಹಿಡಿದುಕೊಂಡು ಪಡಸಾಲೆಗೆ ಓಡಿ ಬಂದಳು. "ಅಜ್ಜಿ, ನೀನರ ಹೇಳಬೇ. ಕರೆಂಟ ಹೋಗೇತಿಲ್ಲೋ?"

ನಿಜ ಹೇಳಲು ಜಾಗ ಇತ್ತು. ಒಂದು ಉಸಿರಿನಷ್ಟು ಇತ್ತು. ನಾನು ಹೇಳಿದ್ದು ಬೇರೆ.

"ಹೋಗೇತಿ ಮಾಯವ್ವಾ. ನಮ್ಮ ಮನಿದಷ್ಟ. ಫ್ಯೂಜ್ ಹೋಗಿರಬೇಕು."

"ನೀವೂ ಮೊಮ್ಮಗಳ ಕಡೀನ ಮಾತಾಡ್ರಿ ಅಜ್ಜಿ" ಅಂದೆ ನೀನು. ಅಷ್ಟೇ. ಆ ಸಿಟ್ಟಿನಲ್ಲೂ ನನಗೆ ಬಹುವಚನ ಬಿಡಲಿಲ್ಲ. ನೀನು ಫೋನು ಇಟ್ಟೆ. ಅದೇ ಕೊನೆಯ ಮಾತು ನಿನ್ನದು, ನನಗೂ ಅವಳಿಗೂ.

ಅವಳು ಒಳಗೆ ಹೋಗಿ ಮುಖ ಮುಚ್ಚಿಕೊಂಡಾಗ ನಾನು ಸಪ್ಪಳವಾಗದ ಹಾಗೆ ಹಿಡಿಕೆ ಮೇಲೆ ತಳ್ಳಿದೆ. ಫ್ಯಾನು ತಿರುಗಿದಾಗ, ಫ್ಯೂಜು ಒತ್ತಿ ಕೂಡಿಸಿದೆ, ನಾಳೆ ವೈರಮನ್ ಬಂದು ನೋಡಲಿ ಅಂತ ಅವಳಿಗೆ ಹೇಳಿದೆ.

ಮರುದಿನ ವೈರಮನ್ ಬಂದು ನೋಡಿದ. ಭಾಗ್ಯಾ ಹಿತ್ತಲಲ್ಲಿದ್ದಳು. ಫ್ಯೂಜು ಛಲೋ ಇದೆಯಲ್ಲ ಅಜ್ಜಿ, ಯಾಕೆ ಕರೆಸಿದಿರಿ ಅಂದ. ಇರಲಿ, ಹೊಸದು ಹಾಕು ಅಂದೆ. ಹಳೆಯದನ್ನು ನನ್ನ ಎಲೆ ಅಡಿಕೆಯ ಚಂಚಿಗೆ ಸೇರಿಸಿದೆ. ಅರ್ಧ ಸುಟ್ಟಿತ್ತು ನೋಡವಾ ಅಂತ ಅವಳಿಗೆ ಹೇಳಿದೆ. ಅವಳು ನಂಬಿದಳು. ನನ್ನನ್ನು ನಂಬದೆ ಇನ್ಯಾರನ್ನು ನಂಬುತ್ತಾಳೆ.

ಸೂಟಿ ಮುಗಿದು ಕಾಲೇಜು ಸುರುವಾಯಿತು. ಸೋಲು ಬಂದರೆ ಕರೆಂಟು ತೆಗೆಯುವವಳು ಅಂತ ಹುಡುಗರು ಅವಳಿಗೆ "ಮೇನ್ ಭಾಗ್ಯಾ" ಅಂತ ಹೆಸರಿಟ್ಟರು. ಆಕೆ ಬಂದರೆ ದೀಪ ಕಾಯ್ದುಕೊಳ್ಳಿರಿ ಅಂತ ಚಾಷ್ಟಿ ಮಾಡುವರಂತೆ. ನೀನು ಬೆಂಚು ಬದಲಿಸಿದೆ. ಆಟಕ್ಕೆ ಅವಳನ್ನು ಯಾರೂ ಕರೆಯದಾದರು. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ನಿಮ್ಮ ಹುನ್ನೂರಿಗೆ ಬಂದಿದ್ದಳು. ನಿಮ್ಮವ್ವ ನೀರು ಕೊಟ್ಟಳಂತೆ. ನೀನು ಹೊರಗೆ ಬರಲಿಲ್ಲ. ತಿರುಗಿ ಬಂದು ನನ್ನ ಎದುರು ಕುಳಿತು ಅಂದಳು, "ನಾ ತಗದಿಲ್ಲಬೇ ಅಜ್ಜಿ."

"ನನಗ ಗೊತ್ತೈತವಾ" ಅಂದೆ.

ಆ ದಿನಗಳಲ್ಲಿ ನಾನು ಆಡಿದ ಖರೆ ಮಾತು ಅದೊಂದೇ.

ನಿನಗೆ ಸಿಟ್ಟು ಬಂದದ್ದು ತಪ್ಪಲ್ಲ. ಮೇನ್ ತೆಗೆದಿದ್ದಾರೆ ಅಂತ ನೀನು ತಿಳಿದದ್ದು ಸರಿಯೇ ಇತ್ತು. ತೆಗೆದವರು ಯಾರು ಅನ್ನುವುದರಲ್ಲಿ ಮಾತ್ರ ನೀನು ತಪ್ಪಿದೆ. ಆ ತಪ್ಪನ್ನು ನಿನ್ನ ಕೈಯಿಂದ ಮಾಡಿಸಿದವಳೂ ನಾನೇ.

ಸೋಮವಾರ ಏನಾಯಿತು ಕೇಳು. ಅಂಗಡಿಯ ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇಟ್ಟಿದ್ದಳು. ಅದಕ್ಕೆ ಪರದೆ ಇಲ್ಲ, ಎದುರಿಗೆ ಕುರ್ಚಿ ಇಲ್ಲ. ನೂಲಿನ ವ್ಯಾಪಾರದ ಒಬ್ಬ ಹಿರಿಯರು, ಇದನ್ಯಾಕೆ ಸುಮ್ಮನೆ ಇಟ್ಟಿದ್ದೀ ತಂಗಿ, ಇದಕ್ಕೂ ಒಬ್ಬನನ್ನು ಕೂಡಿಸು ಅಂದರು.

"ಯಾರೂ ಆಡಂಗಿಲ್ಲ ಅಂತನ ಅದನ್ನ ಇಟ್ಟೇನ್ರಿ ಕಾಕಾ" ಅಂದಳು.

ಆಮೇಲೆ ಎಲ್ಲರಿಗೂ ಬಿಡಿಸಿ ಹೇಳಿದಳು. ಆಡುವವರೊಬ್ಬರ ಮನೆಯಲ್ಲೇ ಆಟ ಇದ್ದರೆ ಅದಕ್ಕೆ ಪಿಯರ್-ಟು-ಪಿಯರ್ ಅಂತಾರಂತೆ. ಆಗ ಬಾಗಿಲಿನ ಚಿಲಕ ಆಡುವವರಲ್ಲಿ ಒಬ್ಬರ ಕೈಯಲ್ಲಿರುತ್ತದೆ. ಇಷ್ಟೇ ಅಲ್ಲ, ಆಟ ಇರುವ ಮನೆಯವರು ಗುಂಡಿ ಒತ್ತಿದರೆ ಅವರ ಕಾರು ಆಗಲೇ ಓಡುತ್ತದೆ, ದೂರದವರು ಒತ್ತಿದ್ದು ಬಂದು ಮುಟ್ಟುವುದರಲ್ಲಿ ತಡವಾಗಿರುತ್ತದೆ. ಅದಕ್ಕೆ ತಾನು ಡೆಡಿಕೇಟೆಡ್ ಸರ್ವರ್, ಅಂದರೆ ಆಟಕ್ಕಷ್ಟೇ ಮೀಸಲಾದ ಪೆಟ್ಟಿಗೆ, ಇಟ್ಟಿದ್ದೇನೆ, ಇದು ಯಾರ ಅಂಗಳವೂ ಅಲ್ಲ, ಊರ ಬಯಲು ಅಂದಳು.

ನನಗೆ ಅಲ್ಲೇ ತಿಳಿಯಿತು ಮಾಯವ್ವಾ. ನಿನ್ನ ಕಾರು ಪ್ರತಿ ಸಲ ತಡವಾಗಿಯೇ ಹೊರಡುತ್ತಿತ್ತು. ಆದರೂ ನೀನು ಅಷ್ಟು ಮುಂದೆ ಇದ್ದೆ. ನಾನು ಕೊಂದದ್ದು ಅಂಥ ಗೆಲುವನ್ನು.

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾರ ಹೆಸರೂ ಹೇಳದೆ, ಒಮ್ಮೆ ತನ್ನನ್ನು ಎಲ್ಲರೂ ಸುಳ್ಳಿ ಅಂದಿದ್ದರು, ಒಬ್ಬ ಗೆಳತಿಯನ್ನು ಕಳೆದುಕೊಂಡೆ ಅಂದಳು. ನನ್ನ ಕೈ ಹಿಡಿದು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು.

"ಆವತ್ತ ನನ್ನ ಪರವಾಗಿ ನಿಂತಾಕಿ ನಮ್ಮ ಅಜ್ಜಿ ಒಬ್ಬಾಕಿ. ಸ್ವಿಚ್ ನೀನ ಹಾಕಬೇ ಅಜ್ಜಿ."

ಹಾಕಿದೆ. ಇದೇ ಬಲಗೈಯಿಂದ. ಹಸಿರು ದೀಪ ಹತ್ತಿತು, ಜನ ಚಪ್ಪಾಳೆ ತಟ್ಟಿದರು, ನಾನು ಅತ್ತೆ. ಅಜ್ಜಿಗೆ ಸಂತೋಷ ತಡೆಯಲಾಗುತ್ತಿಲ್ಲ ಅಂತ ಯಾರೋ ಅಂದರು. ಸುಳ್ಳಲ್ಲ, ಸಂತೋಷವೂ ಇತ್ತು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಎಂದೂ ಆಗಿಲ್ಲ. ಅದನ್ನು ತಿನ್ನಲಿಕ್ಕೆ ಬಾಯಿ ಇಲ್ಲದ ಹಾಗಾಯಿತು, ಅಷ್ಟೇ.

ಯಾಕೆ ಮಾಡಿದೆ ಅಂತ ನೀನು ಕೇಳಬಹುದು. ಮೊಮ್ಮಗಳ ಮೇಲಿನ ಪ್ರೀತಿ ಅಂತ ಆರು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ನಮ್ಮ ಭಾಗ್ಯಾಳನ್ನು ಸೋಲಿಸುವವರಿಲ್ಲ ಅಂತ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದೆ, ಆ ಸೊಕ್ಕು ಒಂದು ಪಾಲು. ಇನ್ನೊಂದು ಇದೆ, ಬರೆಯಲು ಕೈ ಬರುತ್ತಿಲ್ಲ, ಬರೆಯುತ್ತೇನೆ. ಕುರಿ ಕಾಯುವವರ ಮನೆಯ ಹುಡುಗಿಯ ಮುಂದೆ ನಮ್ಮ ಹುಡುಗಿ ಸೋಲುವುದೇ — ಹೀಗೊಂದು ಮಾತು ಆ ಹೊತ್ತಿನಲ್ಲಿ ಮನಸ್ಸಿಗೆ ಬಂದಿತ್ತು. ನಿನ್ನ ಕಂಬಳಿ ಹೊದ್ದು ಮಲಗುವವಳಿಗೆ ಬಂದಿತ್ತು.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ಮೇಲೊಂದು ಭಾರ.

ಅಂಗಡಿಯ ಪೂಜೆಯ ಕರೆಯೋಲೆ ಹಂಚುವಾಗ ಅವಳ ಮೇಜಿನ ಖಾನೆಯಲ್ಲಿ ಒಂದು ಓಲೆ ಉಳಿದಿತ್ತು. ಮೇಲೆ "ಮಾಯಾ, ಹುನ್ನೂರ" ಅಂತ ಅವಳ ಅಕ್ಷರ. ಬರೆದಿದ್ದಳು, ಕಳಿಸಲು ಧೈರ್ಯ ಬಂದಿಲ್ಲ. ಆ ಓಲೆಯನ್ನೂ ಇದರ ಜೊತೆ ಇಡುತ್ತಿದ್ದೇನೆ. ಪೂಜೆ ಮುಗಿದು ಹೋಗಿದೆ, ಆದರೂ ಅದು ನಿನ್ನದು.

ಈ ಪಾಕೀಟಿಗೆ ಅಂಟು ಹಚ್ಚುವುದಿಲ್ಲ. ನಾಳೆ ಮುಂಜಾನೆ ಚಹಾ ಕುಡಿಯುವಾಗ ಹಾಗೇ ಭಾಗ್ಯಾಳ ಕೈಗೆ ಕೊಡುತ್ತೇನೆ. ಓದು, ಆಮೇಲೆ ಹುನ್ನೂರಿಗೆ ಕಳಿಸು ಅಂತ ಹೇಳುತ್ತೇನೆ. ಅವಳು ಓದುವಾಗ ಎದ್ದು ಹೋಗುವುದಿಲ್ಲ, ಎದುರಿಗೇ ಕುಳಿತಿರುತ್ತೇನೆ. ಆಮೇಲೆ ನನ್ನನ್ನು ಅಜ್ಜಿ ಅಂತ ಕರೆಯುತ್ತಾಳೋ ಇಲ್ಲವೋ... ಅದು ಅವಳಿಗೆ ಬಿಟ್ಟದ್ದು.

ಇದು ನಿನ್ನ ಕೈ ಮುಟ್ಟಿದರೆ, ಅವಳು ಓದಿದ್ದಾಳೆ ಅಂತ ತಿಳಿ. ಒಳಗೆ ಚಿಂದಿಯಲ್ಲಿ ಸುತ್ತಿದ ಫ್ಯೂಜು ಇದೆ. ಬಿಚ್ಚಿ ನೋಡು. ತಂತಿ ಸುಟ್ಟಿಲ್ಲ.