ಗಾಳಿಮರದ ಕ್ಯಾಬಿನ್ನಿಗೆ ಹೊರಟಿದ್ದ ಬೇಸಿಗೆ

ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆ ಎಂದರೆ ನೆಂಟರ ಮನೆ. ಪರೀಕ್ಷೆ ಮುಗಿದ ಮರುದಿನ ಬಟ್ಟೆಯ ಚೀಲ ಹಿಡಿದು ಚಿಕ್ಕಪ್ಪನದೋ ಅತ್ತೆಯದೋ ಮನೆ ಸೇರಿದರೆ ಶಾಲೆ ಶುರುವಾಗುವವರೆಗೆ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ನೆಂಟರೇ ಇಲ್ಲದ ಊರಿಗೆ ಹೋಗಿ, ದೇವರೂ ಇಲ್ಲದ ಜಾಗದಲ್ಲಿ ಸುಮ್ಮನೆ ಉಳಿದು ಬರುವುದು ನಮ್ಮ ಪೈಕಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನಾನು ಐದನೇ ಕ್ಲಾಸು ಮುಗಿಸಿದ ವರ್ಷ, ಸಮುದ್ರದ ದಂಡೆಯ ಮರದ ಕ್ಯಾಬಿನ್ನಿನಲ್ಲಿ ಮೂರು ದಿನ ಇದ್ದು ಬರೋಣ ಎಂದು ಅಪ್ಪ ಹೇಳಿದಾಗ ಶಿವಮೊಗ್ಗದ ರವೀಂದ್ರನಗರದ ನಮ್ಮ ಬಾಡಿಗೆ ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು.

ಅಪ್ಪನಿಗೆ ಶಂಕರಘಟ್ಟದಲ್ಲಿ ಆಫೀಸು ಕೆಲಸ. ಅಲ್ಲಿನ ಒಬ್ಬ ಗೆಳೆಯರ ಊರು ಹೊನ್ನಾವರದ ಕಡೆ. ಗಾಳಿಮರದ ತೋಪಿನೊಳಗೆ ನಾಲ್ಕು ಕ್ಯಾಬಿನ್ನು, ಬಾಗಿಲು ತೆಗೆದರೆ ಮರಳು, ಮರಳು ದಾಟಿದರೆ ನೀರು ಎಂದು ಅವರು ಅಪ್ಪನ ತಲೆ ಕೆಡಿಸಿಬಿಟ್ಟಿದ್ದರು. ಮೇ ತಿಂಗಳಲ್ಲಿ ಅಲ್ಲಿ ವಿಪರೀತ ಸೆಕೆ, ಸ್ನಾನ ಮಾಡಿ ಬಂದರೂ ಮೈ ಅಂಟಂಟು, ಕರೆಂಟು ನೆಚ್ಚಿಕೊಳ್ಳಬೇಡಿ ಎಂದೂ ಹೇಳಿದ್ದರಂತೆ. ಅಪ್ಪ ಟಾರ್ಚು, ಸೊಳ್ಳೆಬತ್ತಿ, ಬೀಸಣಿಗೆ ಎಂದು ಪಟ್ಟಿ ಬರೆದರು. ಕ್ಯಾಬಿನ್ನು ಹತ್ತು ಅಡಿಗೆ ಹನ್ನೆರಡು ಅಡಿ ಎಂದು ತಿಳಿದ ಮೇಲೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಅಷ್ಟೇ ಅಳತೆಯ ಚೌಕ ಎಳೆದು, ಅದರೊಳಗೆ ನಮ್ಮ ನಾಲ್ವರನ್ನೂ ಮಲಗಿಸಿ ನೋಡಿದರು. ಅಮ್ಮ ನಗು ತಡೆಯಲಾರದೆ ಎದ್ದು ಹೋದಳು. ಅಜ್ಜಿ ಮಾತ್ರ ಗಂಭೀರವಾಗಿ ಕಿಟಕಿ ಯಾವ ಕಡೆ ಬರುತ್ತದೆ ಎಂದು ವಿಚಾರಿಸಿ ಆ ಕಡೆಗೆ ಸರಿದು ಮಲಗಿದಳು.

ಅಜ್ಜಿ, ಅಪ್ಪನ ತಾಯಿ, ಎಪ್ಪತ್ತರ ಹತ್ತಿರದವಳು. ಅವಳು ಸಮುದ್ರ ನೋಡಿರಲಿಲ್ಲ. ನಮ್ಮೆಲ್ಲರಿಗಿಂತ ಜೋರಾಗಿ ತಯಾರಿ ನಡೆಸಿದವಳು ಅವಳೇ. ಅಲ್ಲಿ ಮೀನು ಬೇಯಿಸುವ ಒಲೆಯಲ್ಲಿ ನಮ್ಮ ಅನ್ನ ಆಗಬಾರದೆಂದು ಸೀಮೆಎಣ್ಣೆ ಸ್ಟೋವ್ ತೊಳೆದಿಟ್ಟಳು. ಚಟ್ನಿಪುಡಿ ಕುಟ್ಟಿದಳು, ಕೋಡುಬಳೆ ಕರಿದಳು. ಪೂಜೆಗೆ ಉಪ್ಪುನೀರು ಆಗುವುದಿಲ್ಲವೆಂದು ಒಂದು ಕ್ಯಾನು ತುಂಗೆಯ ನೀರು ತರಿಸಿದಳು. ಮನೆ ಖಾಲಿ ಮಾಡ್ತಾ ಇದೀವಾ ಅಂತ ಪಕ್ಕದ ಮನೆಯವರು ಕೇಳ್ತಿದಾರೆ ಎಂದು ಅಪ್ಪ ರೇಗಿಸುತ್ತಿದ್ದರು.

ನಮ್ಮಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ಅಜ್ಜಿಯದು ಬೆಳ್ಳಿಯ ಕರಡಿಗೆಯಲ್ಲಿತ್ತು. ನನ್ನದು ಬಿಳಿ ಬಟ್ಟೆಯಲ್ಲಿ ಸುತ್ತಿ ಶಿವದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದ್ದು. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅಜ್ಜಿ ನನಗೆ ತಿಂಡಿ ಕೊಡುತ್ತಿರಲಿಲ್ಲ. ಏನೇ ಆದರೂ ಅದು ಮೈಯಿಂದ ಬೇರೆಯಾಗಬಾರದು ಎನ್ನುವುದು ಅವಳ ಒಂದೇ ಕಟ್ಟಪ್ಪಣೆ.

ಹೊರಡುವುದಕ್ಕೆ ಹನ್ನೊಂದು ದಿನ ಇರುವಾಗ ನಾನು ಭದ್ರಾವತಿಯ ಚಿಕ್ಕಪ್ಪನ ಮನೆಗೆ ಹೋದೆ. ಸಮುದ್ರಕ್ಕೆ ಹೋಗುವವಳಿಗೆ ನೀರಿನ ಹೆದರಿಕೆ ಬಿಡಬೇಕಲ್ಲ ಎಂದು ಚಿಕ್ಕಪ್ಪ ನನ್ನ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಚಾನಲ್ಲಿಗೆ ಇಳಿಸಿದರು. ಭದ್ರಾ ನಾಲೆಗೆ ಅಲ್ಲಿ ಎಲ್ಲರೂ ಚಾನಲ್ ಎನ್ನುತ್ತಾರೆ. ಎರಡನೆಯ ದಿನ ಕೈಕಾಲು ಬಡಿಯುವುದು ಬಂದುಬಿಟ್ಟಿತು. ಆ ಹುಮ್ಮಸ್ಸಿನಲ್ಲಿ ಮೆಟ್ಟಿಲ ಹತ್ತಿರ ನಾನೇ ಕ್ಯಾನಿನ ಹಗ್ಗವನ್ನು ತಲೆಯ ಮೇಲಿಂದ ಎಳೆದು ತೆಗೆದೆ. ಮನೆಗೆ ಬಂದು ಬಟ್ಟೆ ಬದಲಿಸುವಾಗ ಕೊರಳು ಬರಿದಾಗಿತ್ತು. ಹಗ್ಗದ ಜೊತೆ ಶಿವದಾರವೂ ಹೋಗಿತ್ತು.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕ್ಯಾಬಿನ್ನು ತಪ್ಪುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಚಿಕ್ಕಮ್ಮನ ಹೊಲಿಗೆ ಡಬ್ಬಿಯಿಂದ ಬಿಳಿ ಬಟ್ಟೆಯ ಚೂರು ಕದ್ದು, ಒಂದು ಹುಣಸೆಬೀಜ ಸುತ್ತಿ, ದಾರ ಕಟ್ಟಿ ಹಾಕಿಕೊಂಡೆ. ಆ ಮನೆಯಲ್ಲಿ ಪೂಜೆಯ ಕಟ್ಟುನಿಟ್ಟು ಇರಲಿಲ್ಲ, ದಿನ ಕಳೆಯಿತು. ಶಿವಮೊಗ್ಗಕ್ಕೆ ವಾಪಸು ಬಂದ ಮೇಲೆ ಅಜ್ಜಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ನನ್ನ ಪೂಜೆ ಆಯ್ತು ಎಂದು ಅಮ್ಮನಿಗೆ ಸುಳ್ಳು ಹೇಳಿ ದೋಸೆ ತಿಂದೆ.

ಶುಕ್ರವಾರ ಬೆಳಿಗ್ಗೆ ಹೊರಡುವುದಿತ್ತು. ಬುಧವಾರ ಸಂಜೆ ಅಜ್ಜಿ ಸೂಜಿದಾರ ಹಿಡಿದು ಕರೆದಳು. ಸಮುದ್ರದ ಅಲೆ ಎಳೆಯುತ್ತದಂತೆ, ಲಿಂಗ ಎದೆಗೆ ಬಿಗಿಯಾಗಿ ಕೂರುವಂತೆ ನನಗೊಂದು ಪಟ್ಟಿ ಹೊಲಿಯುತ್ತಿದ್ದಳು. ಅಳತೆ ನೋಡಲು ಕೊರಳಿನ ಗಂಟು ಹಿಡಿದವಳೇ ಬೆರಳಲ್ಲಿ ಅದುಮಿದಳು. ಬಿಚ್ಚಿದಳು. ಹುಣಸೆಬೀಜ ಅವಳ ಅಂಗೈಯಲ್ಲಿತ್ತು.

"ಯಾವತ್ತಿಂದ ಪುಟ್ಟೀ?"

ಒಂಬತ್ತು ದಿನ ಎಂದೆ.

"ಒಂಬತ್ತು ದಿನ ಹೀಗೇ ಉಂಡಿದೀಯಾ?"

ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಲಿಂಗ ಕಳೆದವರು ಮತ್ತೆ ಕಟ್ಟಿಸಿಕೊಳ್ಳುವವರೆಗೆ ಅನ್ನ ಮುಟ್ಟಬಾರದು ಎನ್ನುವುದು ಅವಳ ಕಾಲದ ನಡವಳಿಕೆ. ಕಟ್ಟಬೇಕಾದ ನಮ್ಮ ಮನೆತನದ ಅಯ್ಯನವರು ಹಾವೇರಿ ಕಡೆ ಮಗಳ ಮನೆಗೆ ಹೋಗಿದ್ದರು, ಬರುವುದು ಭಾನುವಾರ. ಬೇರೆ ಯಾರ ಕೈಯಲ್ಲಾದರೂ ಕಟ್ಟಿಸಿದರಾಯಿತು ಎಂದರು ಅಪ್ಪ. ಅಜ್ಜಿ ಒಪ್ಪಲಿಲ್ಲ.

"ಬೆಳೆಯೋ ಮಗು ಶಿವೂ, ಅದನ್ನ ಉಪವಾಸ ಕೆಡವೋಕಾಗಲ್ಲ. ಅದರ ಬದಲು ನಾನಿರ್ತೀನಿ. ನೀವು ಹೋಗ್ಬನ್ನಿ."

ಅಮ್ಮ ಕಾಲು ಹಿಡಿದಳು. ಅಪ್ಪ ಸಿಟ್ಟಾದರು, ಆಮೇಲೆ ಗೋಗರೆದರು. ಅಜ್ಜಿ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಗುರುವಾರ ರಾತ್ರಿ ನಾನು ಅನ್ನ ಬೇಡವೆಂದಾಗ ತಾನೇ ಕಲಸಿ ತುತ್ತು ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಚೀಲಗಳು ಬಾಗಿಲ ಬಳಿ ಇದ್ದವು. ಅಪ್ಪನಿಗೂ ತೋಚದಾಗಿತ್ತೇನೋ, ನನ್ನ ಮುಂದೆ ಕೂತು ಕೇಳಿದರು: "ಏನ್ ಮಾಡೋಣ ಪುಟ್ಟೀ? ನೀನೇ ಹೇಳು."

"ಹೋಗೋಣ" ಎಂದೆ.

ಅಜ್ಜಿ ಎರಡು ಮಾರು ದೂರದಲ್ಲಿ ಗೋಡೆಗೊರಗಿ ಕೂತಿದ್ದಳು. "ಮಗು ಆಸೆಪಟ್ಟಿದೆ, ಕರ್ಕೊಂಡ್ ಹೋಗು ಮಾರಾಯ" ಎಂದಳು. ಅಪ್ಪ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಒಂದೊಂದೇ ಚೀಲ ವಾಪಸು ಒಳಗಿಟ್ಟರು.

ಶನಿವಾರ ಮಧ್ಯಾಹ್ನ ಬಚ್ಚಲಿಗೆ ಹೋಗುವಾಗ ಅಜ್ಜಿ ತಲೆ ಸುತ್ತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರೂ ಬಾಯಿಗೆ ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಭಾನುವಾರ ಅಯ್ಯನವರು ಬಂದು ಮನೆಯಲ್ಲಿ ನನಗೆ ಹೊಸ ಲಿಂಗ ಕಟ್ಟಿದರು. ಅಪ್ಪ ನನ್ನನ್ನು ನೇರ ವಾರ್ಡಿಗೆ ಕರೆದೊಯ್ದರು. ಅಜ್ಜಿ ನನ್ನ ಫ್ರಾಕಿನ ಮೇಲಿಂದ ಬೆರಳಾಡಿಸಿ ಮುಟ್ಟಿ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಅಮ್ಮನ ಕೈಯ ಗಂಜಿ ಚಮಚಕ್ಕೆ ಬಾಯಿ ತೆರೆದಳು.

ಅವಳು ಆಮೇಲೆ ಆರು ವರ್ಷ ಬದುಕಿದಳು. ವಾಕರ್ ಹಿಡಿದು ಹಾಲಿನಿಂದ ಅಂಗಳಕ್ಕೆ, ಅಂಗಳದಿಂದ ಹಾಲಿಗೆ. ಬಸ್ಸು ಹತ್ತುವುದಾಗಲಿಲ್ಲ, ಘಟ್ಟದ ತಿರುವುಗಳಲ್ಲಿ ಕಾರಿನಲ್ಲಿ ಕೂರುವುದೂ ಆಗಲಿಲ್ಲ. ಕ್ಯಾಬಿನ್ನಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ನಾನು ಅಂದ ಮಾತಿನ ಬಗ್ಗೆ ಅವಳು ಸಾಯುವವರೆಗೂ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ. ಹತ್ತು ವರ್ಷದ ಹುಡುಗಿ, ತಿಳಿಯದೆ ಅಂದಳು ಎಂದು ಅಮ್ಮ ಸಮಾಧಾನ ಹೇಳುತ್ತಾಳೆ. ತಿಳಿದೇ ಅಂದಿದ್ದೆ. ಅಜ್ಜಿಯ ಒಣಗಿದ ತುಟಿ ನೋಡಿಕೊಂಡೇ ಅಂದಿದ್ದೆ.

ಕಳೆದ ಚಳಿಗಾಲದಲ್ಲಿ ಗಂಡ, ಮಗಳ ಜೊತೆ ಅಂಥದೇ ಒಂದು ಕ್ಯಾಬಿನ್ನಿನಲ್ಲಿ ಎರಡು ದಿನ ಇದ್ದು ಬಂದೆ. ಅಡುಗೆಮನೆಯಲ್ಲಿ ನಿಂತೇ ಫೋನಿನಲ್ಲಿ ಬುಕ್ ಮಾಡಿದ್ದು, ಹಾಲು ಉಕ್ಕುವುದರೊಳಗೆ ಮುಗಿದಿತ್ತು. ಎಲ್ಲ ಚೆನ್ನಾಗಿತ್ತು. ಎರಡನೆಯ ದಿನ ನನ್ನದೇ ಮರೆವಿನಿಂದ ಮಗಳ ಔಷಧಿ ತಪ್ಪಿ ಅವಳಿಗೆ ಜ್ವರ ಬಂತು. ಗಂಡ ಒಂದಿಷ್ಟು ರೇಗಿದರು, ಹೋಗಲಿ ಬಿಡು ಎಂದರು, ಊಟಕ್ಕೆ ಕೂತರು. ನಾನೂ ಕೂತೆ. ನನ್ನ ತಪ್ಪಿಗೆ ಈಗ ಬೈಯುವವರಿದ್ದಾರೆ, ಕ್ಷಮಿಸುವವರೂ ಇದ್ದಾರೆ. ನನಗೆ ತುತ್ತು ಕೊಟ್ಟು ತಾನು ಹಸಿದಿರುವವರು ಮಾತ್ರ ಇಲ್ಲ.