ಗಾಯರಾಣದ ಗುಂಡಿಗಳು

ಸೀರೆಯ ಅಂಚಿಗೆ ಸಿಕ್ಕ ಕರಡ ಹುಲ್ಲಿನ ಮುಳ್ಳುಬೀಜಗಳನ್ನು ಅವರು ಪಾಠ ಮಾಡುತ್ತಲೇ ಕಿತ್ತು, ಸೀಮೆಸುಣ್ಣದ ಖಾಲಿ ಡಬ್ಬಿಗೆ ಹಾಕುತ್ತಿದ್ದರು. ಹಿಂದಿನ ಬೆಂಚಿನವರು ನಗುತ್ತಿದ್ದರು.

ಶಹಾಪುರದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಮೇಡಂ ಅವರು. ಶಿರವಾಳದ ಕಡೆ ತವರಿನಿಂದ ಬಂದ ಹೊಲವನ್ನು ಬಿತ್ತದೆ ಹುಲ್ಲಿಗೆ ಬಿಟ್ಟಿದ್ದರು. ಪಕ್ಕದ ಗಾಯರಾಣದಲ್ಲಿ, ಊರ ದನ ಮೇಯುವ ಸರ್ಕಾರಿ ಜಾಗದಲ್ಲಿ, ಜಾಲಿ ಮೆಳೆ ಕಡಿಸಿ ಡಬ್ಬಿಯ ಬೀಜ ಚೆಲ್ಲುತ್ತಿದ್ದರು. ಬೀಜ ಉದುರುವ ತನಕ ಕುರಿ ಬಿಡಬಾರದೆಂದು ಕುರಿಗಾರನೊಂದಿಗೆ ಪ್ರತಿವರ್ಷ ಜಗಳ, ಆಮೇಲೆ ಚಹಾ.

"ತೊಗರಿ ಬಿತ್ತೋದು ಬಿಟ್ಟು ಕಸ ಬೆಳಸಾಕತ್ತೀರಲ್ರಿ ಮೇಡಂ," ಎನ್ನುತ್ತಿದ್ದ ಅವನು.

"ನಿನ್ನ ಕುರಿ ತೊಗರಿ ತಿಂದ್ರ ನೀ ಒದಿ ತಿಂತಿ. ಸುಮ್ನ ಚಹಾ ಕುಡಿ."

ನನಗೆ ಒಮ್ಮೆ ಹೇಳಿದ್ದರು: "ಗಿಡ ಅಂದ್ರ ಎಲ್ಲಾರೂ ಕೈ ಮುಗೀತಾರ, ಹುಲ್ಲ ಅಂದ್ರ ತುಳೀತಾರ. ನೀ ತುಳಿಬ್ಯಾಡವ್ವ." ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದ್ದು ಅವರಿಂದಾಗಿ.

ಹೋದ ವರ್ಷ ಅವರು ತೀರಿಕೊಂಡರು. ಮೊದಲ ಪುಣ್ಯತಿಥಿಗೆ ಕಾಲೇಜಿನವರು ಗಾಯರಾಣಕ್ಕೇ ಕರೆದರು. ನಾನು ಹೋಗುವಷ್ಟರಲ್ಲಿ ಜೆಸಿಬಿ ಬಂದು ಹೋಗಿತ್ತು. ಸೊಂಟದೆತ್ತರದ ಕರಡದ ನಡುವೆ ಸಾಲು ಸಾಲು ಗುಂಡಿ, ಬೇರು ಮೇಲಾಗಿ ಬಿದ್ದ ಹುಲ್ಲು. ಅದರ ಮೇಲೆ ಶಾಮಿಯಾನ, ಹಾರ ಹಾಕಿದ ಮೇಡಂ ಫೋಟೋ, ಪ್ಲಾಸ್ಟಿಕ್ ತಟ್ಟೆಗಳಲ್ಲಿ ಉಪ್ಪಿಟ್ಟು. ಗುಂಡಿಗೊಂದು ಗುಲ್‌ಮೊಹರ್ ಸಸಿ. ಮಳೆಗಾಲ ಮುಗಿದಿತ್ತು, ಅವುಗಳಿಗೆ ನೀರು ಹಾಕುವವರು ಯಾರೆಂದು ಯಾರೂ ಕೇಳಿರಲಿಲ್ಲ.

"ಖಾಲಿ ಬಿದ್ದ ಜಾಗಾ ಹಸರ ಆತ್ ನೋಡವ್ವ. ಮೇಡಂ ಹೆಸರ ಉಳೀತು," ಎಂದರು ಆಡಳಿತ ಮಂಡಳಿಯ ಅಧ್ಯಕ್ಷರು.

"ಖಾಲಿ ಇರಲಿಲ್ರಿ ಸರ್. ಈ ಹುಲ್ಲು ಅವರೇ ಬೆಳಸಿದ್ದು."

"ಹುಲ್ಲೇನ್ ಬಿಡು, ತಾನ ಬರ್ತದ. ಇತ್ಲಾಗ ಬಾ, ಫೋಟೋದಾಗ ನಿಂದ್ರು."

ಸಸಿ ಹಿಡಿದು ಬಾಗಿ ಫೋಟೋ ತೆಗೆಸಿಕೊಂಡ ಮೇಲೆ ಅವರು ತಮ್ಮ ಪ್ಯಾಂಟಿಗೆ ಅಂಟಿದ ಬೀಜಗಳನ್ನು ಬೈಯುತ್ತ ಝಾಡಿಸಿದರು. ಕೈ ತೊಳೆಯಲು ಬಾಟಲಿ ನೀರು ಕೇಳಿದರು. ನನಗೆ ಹೇಸಿಗೆಯಾಯಿತು. ಆ ಹೇಸಿಗೆ ಇನ್ನೂ ಹೋಗಿಲ್ಲ. ಉಪ್ಪಿಟ್ಟು ಮುಟ್ಟದೆ ಬಂದೆ.

ಮರುದಿನ ಬೆಳಗ್ಗೆ ಕುರಿಗಾರನನ್ನು ಕರೆದುಕೊಂಡು ಹೋದೆ. ಸಸಿಗಳನ್ನೆಲ್ಲ ಕಿತ್ತು ಟಂಟಂ ಆಟೋದಲ್ಲಿ ಹೇರಿ ಕಾಲೇಜಿಗೆ ವಾಪಸ್ ಕಳಿಸಿದೆ. ಇಬ್ಬರೂ ಗುಂಡಿ ಮುಚ್ಚಿ, ಹುಲ್ಲಿನ ಬುಡಗಳನ್ನು ಮತ್ತೆ ಮಣ್ಣಿಗೆ ಒತ್ತಿದೆವು.

"ಈ ವರ್ಷ ಇತ್ಲಾಗ ಕುರಿ ಹೊಡಿಯಂಗಿಲ್ರಿ," ಎಂದ ಅವನು. "ಬೈಯೋರೂ ಇಲ್ಲ ಈಗ."

ನಾನು ಅಲ್ಲೇ ಕುಳಿತು, ಚೂಡಿದಾರಕ್ಕೆ ಸಿಕ್ಕ ಮುಳ್ಳುಬೀಜಗಳನ್ನು ಒಂದೊಂದಾಗಿ ಕಿತ್ತು ಆ ಮಣ್ಣಿಗೆ ಉದುರಿಸಿದೆ.